ಹುಳು ಹೋಗಲಿ, ನಾರು ಉಳಿಯಲಿ

ದೆಹಲಿಯ ವಾಯವ್ಯ ಭಾಗದಲ್ಲಿ 1981ರ ವಸತಿ ಯೋಜನೆಯ ಅಡಿಯಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಕಟ್ಟತೊಡಗಿದ ರೋಹಿಣಿ ಇಂದು ಹತ್ತಾರು ಸೆಕ್ಟರುಗಳ ದೊಡ್ಡ ಉಪನಗರವಾಗಿದೆ. ಅದರ ಐದನೆಯ ಸೆಕ್ಟರಿನಲ್ಲಿ 1996ರಿಂದ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆ ಮತ್ತು ಸಂಶೋಧನಾ ಕೇಂದ್ರ ನಡೆಯುತ್ತಿದೆ. ಪಕ್ಕದ ಆರನೆಯ ಸೆಕ್ಟರಿನಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಹೆಸರಿನ ಸರ್ಕಾರಿ ಆಸ್ಪತ್ರೆಯಿದೆ. ಮೆಟ್ರೊ ಮಾರ್ಗದ ಕೊನೆಯ ನಿಲ್ದಾಣವಾದ ರಿಠಾಲಾದಲ್ಲಿ ನಗರದ ಕೊಳಚೆ ನೀರನ್ನು ಶುದ್ಧೀಕರಿಸುವ ಜಲಮಂಡಳಿಯ ಘಟಕವಿದೆ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಈ ಸಂಸ್ಥೆಗಳು ಭಾರತೀಯರ ಕರುಳಿನ ಆರೋಗ್ಯದ ಎರಡು ಕಾಲಘಟ್ಟಗಳನ್ನು ಒಟ್ಟಿಗೆ ತೋರಿಸುತ್ತವೆ. ಮಲಮಿಶ್ರಿತ ನೀರು ಮತ್ತು ಮಣ್ಣಿನಿಂದ ಬರುವ ಜಂತುಹುಳು, ಆಮಶಂಕೆಗಳ ಕಾಲವು ಇನ್ನೂ ಪೂರ್ತಿ ಮುಗಿದಿಲ್ಲ. ಬದಲಾದ ಊಟದ ಜೊತೆಗೆ ಬರುವ ಕರುಳಿನ ದೀರ್ಘಕಾಲದ ಉರಿಯೂತ ಮತ್ತು ಕ್ಯಾನ್ಸರಿನ ಕಾಲವು ಆಗಲೇ ಶುರುವಾಗಿದೆ. ಇವೆರಡರ ನಡುವೆ ಇರುವ ಸಂಬಂಧವೇನು, ಒಂದು ಹೋದದ್ದರಿಂದಲೇ ಇನ್ನೊಂದು ಬಂದಿತೇ ಎಂಬ ಪ್ರಶ್ನೆಯನ್ನು ವೈದ್ಯವಿಜ್ಞಾನವು ಕಳೆದ ಮೂರು ದಶಕಗಳಿಂದ ಗಂಭೀರವಾಗಿ ಕೇಳುತ್ತಿದೆ.

ಉರಿಯೂತವೆಂದರೆ ಗಾಯಕ್ಕೆ ಅಥವಾ ಸೋಂಕಿಗೆ ದೇಹ ತೋರುವ ಸಹಜ ಪ್ರತಿಕ್ರಿಯೆ. ಅಪಾಯ ಕಳೆದ ಮೇಲೆ ಅದು ತಣ್ಣಗಾಗಬೇಕು. ಹಾಗೆ ಆಗದೆ ತಿಂಗಳು, ವರ್ಷಗಟ್ಟಲೆ ಕರುಳಿನ ಒಳಪದರದಲ್ಲಿ ಉರಿ ಮುಂದುವರಿದಾಗ ಅದನ್ನು ಕರುಳಿನ ಉರಿಯೂತದ ಕಾಯಿಲೆ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮಲಾಶಯದಿಂದ ಆರಂಭವಾಗಿ ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣುಗಳನ್ನು ಮಾಡುವುದು ಅಲ್ಸರೇಟಿವ್ ಕೊಲೈಟಿಸ್. ಜೀರ್ಣನಾಳದ ಯಾವುದೇ ಭಾಗದಲ್ಲಿ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೂ ಇಳಿಯುವುದು ಕ್ರೋನ್ಸ್ ಕಾಯಿಲೆ. ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಉರಿಯೂತವಿರುವಲ್ಲಿ ಈ ಹುಟ್ಟು ಇನ್ನಷ್ಟು ಚುರುಕಾಗುತ್ತದೆ, ಜೊತೆಗೆ ಉರಿಯೂತದ ಕೋಶಗಳು ಸೂಸುವ ರಾಸಾಯನಿಕಗಳು ವಂಶವಾಹಿಗಳಿಗೆ ಪೆಟ್ಟು ಕೊಡುತ್ತವೆ. ಹೀಗೆ ಪೆಟ್ಟು ತಿಂದ ಕೋಶಗಳು ಮತ್ತೆ ಮತ್ತೆ ವಿಭಜನೆಗೊಳ್ಳುವುದರಿಂದ ಕ್ಯಾನ್ಸರಿಗೆ ದಾರಿಯಾಗುತ್ತದೆ. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಒಂದು ಲೆಕ್ಕಾಚಾರದ ಪ್ರಕಾರ, ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಂಭವವು 10 ವರ್ಷಗಳಲ್ಲಿ ಶೇ 2, 20 ವರ್ಷಗಳಲ್ಲಿ ಶೇ 8, 30 ವರ್ಷಗಳಲ್ಲಿ ಶೇ 18 ಇತ್ತು. ಚಿಕಿತ್ಸೆ ಮತ್ತು ತಪಾಸಣೆ ಸುಧಾರಿಸಿದ ನಂತರ ಈ ಪ್ರಮಾಣ ಗಣನೀಯವಾಗಿ ಇಳಿದಿದೆಯಾದರೂ, ಉರಿಯೂತದ ಅವಧಿ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ ಎಂಬ ಮೂಲ ತತ್ವ ಬದಲಾಗಿಲ್ಲ.

ಈ ಕಾಯಿಲೆಗಳು ಪಾಶ್ಚಾತ್ಯರಿಗೆ ಮಾತ್ರ ಬರುತ್ತವೆ ಎಂಬ ನಂಬಿಕೆ ಭಾರತದ ವೈದ್ಯವಲಯದಲ್ಲೂ ಬಹುಕಾಲ ಇತ್ತು. 2003ರಲ್ಲಿ ಪ್ರಕಟವಾದ ಲೂಧಿಯಾನದ ಅಧ್ಯಯನವು ಆ ನಂಬಿಕೆಯನ್ನು ಅಲುಗಾಡಿಸಿತು. ವೈದ್ಯರು ಪಂಜಾಬಿನ ಮನೆಮನೆಗಳಿಗೆ ಹೋಗಿ ನಡೆಸಿದ ಆ ಸಮೀಕ್ಷೆಯಲ್ಲಿ ಪ್ರತಿ ಲಕ್ಷ ಜನರಿಗೆ 44.3 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದಿತು. ದೊಡ್ಡಕರುಳು ಮತ್ತು ಮಲಾಶಯದ ಕ್ಯಾನ್ಸರಿನ ವಿಷಯದಲ್ಲಿ ಭಾರತ ಇಂದಿಗೂ ಕಡಿಮೆ ಅಪಾಯದ ದೇಶ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಇಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 5 ಹೊಸ ಪ್ರಕರಣಗಳು ಕಂಡುಬಂದರೆ, ಯುರೋಪಿನ ಹಲವು ದೇಶಗಳಲ್ಲಿ ಆ ಸಂಖ್ಯೆ 30ನ್ನು ದಾಟುತ್ತದೆ. ಈ ಅಂತರ ಭಾರತೀಯರಿಗೆ ರಕ್ತದಲ್ಲೇ ಬಂದ ರಕ್ಷಣೆಯಲ್ಲ. ಕಡಿಮೆ ಅಪಾಯದ ದೇಶಗಳಿಂದ ಪಶ್ಚಿಮಕ್ಕೆ ವಲಸೆ ಹೋದವರ ಮಕ್ಕಳಲ್ಲಿ ರೋಗದ ಪ್ರಮಾಣವು ಅಲ್ಲಿನವರ ಮಟ್ಟದತ್ತ ಏರುವುದನ್ನು ಗಮನಿಸಿದರೆ, ಕಾರಣಗಳ ದೊಡ್ಡ ಪಾಲು ಬದುಕುವ ರೀತಿಯಲ್ಲೇ ಇದೆ ಎಂಬುದು ಸ್ಪಷ್ಟವಾಗುತ್ತದೆ.

ಬದುಕುವ ರೀತಿಯಲ್ಲಿ ಆದ ಬದಲಾವಣೆಗಳಲ್ಲಿ ಒಂದು, ಕರುಳಿನಿಂದ ಜಂತುಹುಳುಗಳು ಮರೆಯಾಗುತ್ತ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಣ್ಣಿನ ಮೂಲಕ ಹರಡುವ ಹುಳುಗಳು ಇಂದಿಗೂ ಜಗತ್ತಿನ ಸುಮಾರು 150 ಕೋಟಿ ಜನರ ಕರುಳಿನಲ್ಲಿವೆ. ಇವುಗಳಲ್ಲಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು ಎಂಬ ಮೂರು ಮುಖ್ಯವಾದವು. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ 2 ಲಕ್ಷದಷ್ಟು ಮೊಟ್ಟೆಗಳನ್ನಿಡಬಲ್ಲದು. ಬೆಳೆದಾಗ ಒಂದು ಸೆಂಟಿಮೀಟರಿನಷ್ಟು ಉದ್ದವಾಗುವ ಕೊಕ್ಕೆಹುಳು ಮರಿಯಾಗಿದ್ದಾಗ ಬರಿಗಾಲಿನ ಚರ್ಮವನ್ನು ತೂರಿ ಒಳಸೇರಿ, ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು, ಗಂಟಲಿಗೇರಿ, ಉಗುಳಿನೊಂದಿಗೆ ನುಂಗಲ್ಪಟ್ಟು ಸಣ್ಣಕರುಳನ್ನು ತಲುಪುತ್ತದೆ. ಅಲ್ಲಿ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತ ರಕ್ತಹೀನತೆಯನ್ನು ತರುತ್ತದೆ.

ದೊಡ್ಡಕರುಳಿನ ದೃಷ್ಟಿಯಿಂದ ಹೆಚ್ಚು ಗಮನಿಸಬೇಕಾದದ್ದು ಚಾಟಿಹುಳು. ಸುಮಾರು ನಾಲ್ಕು ಸೆಂಟಿಮೀಟರು ಉದ್ದದ ಈ ಹುಳುವಿನ ಮುಂಭಾಗ ದಾರದಷ್ಟು ತೆಳು, ಹಿಂಭಾಗ ದಪ್ಪ; ಚಾಟಿಯಂತಹ ಈ ಆಕಾರದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ತೆಳುವಾದ ಮುಂಭಾಗವನ್ನು ಅದು ದೊಡ್ಡಕರುಳಿನ ಒಳಪದರದ ಕೋಶಗಳ ನಡುವೆ ಹೊಲಿದಂತೆ ತೂರಿಸಿಕೊಂಡು, ದಪ್ಪನೆಯ ಹಿಂಭಾಗವನ್ನು ಕರುಳಿನ ಪೊಳ್ಳಿನಲ್ಲಿ ಇಳಿಬಿಟ್ಟು, ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ನಾಲ್ಕಾರು ಹುಳುಗಳಿದ್ದರೆ ಮಗುವಿಗೆ ಗೊತ್ತೇ ಆಗದಿರಬಹುದು. ನೂರಾರು ಸೇರಿದಾಗ ರಕ್ತ ಮತ್ತು ಲೋಳೆ ಬೆರೆತ ಭೇದಿ, ಬೆಳವಣಿಗೆ ಕುಂಠಿತವಾಗುವುದು, ಕೆಲವೊಮ್ಮೆ ಗುದನಾಳವೇ ಹೊರಗೆ ಜಾರುವುದು, ಇವೆಲ್ಲ ಕಾಣಿಸುತ್ತವೆ. ರೋಗಿಯ ದೇಹದಲ್ಲಿ ಇಷ್ಟು ದೀರ್ಘಕಾಲ ನೆಲೆಸಬೇಕಾದರೆ ಹುಳು ಆ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಹೇಗಾದರೂ ಶಾಂತಗೊಳಿಸಲೇಬೇಕು, ಮತ್ತು ಈ ಶಾಂತಗೊಳಿಸುವ ಶಕ್ತಿಯೇ ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿತು.

ಬ್ರಿಟನ್ನಿನ ಸಾಂಕ್ರಾಮಿಕ ರೋಗತಜ್ಞ ಡೇವಿಡ್ ಸ್ಟ್ರಾಚನ್ 1989ರಲ್ಲಿ ಒಂದು ಸರಳ ಸಂಗತಿಯನ್ನು ಗುರುತಿಸಿದರು: ಅಣ್ಣ ಅಕ್ಕಂದಿರು ಹೆಚ್ಚಾಗಿರುವ ಮನೆಗಳ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಡಿಮೆ. ಬಾಲ್ಯದ ಸೋಂಕುಗಳು ಕಡಿಮೆಯಾದಾಗ ರೋಗನಿರೋಧಕ ವ್ಯವಸ್ಥೆ ತನ್ನ ಹತೋಟಿ ತಪ್ಪುತ್ತದೆ ಎಂಬ ಊಹೆಗೆ ಇದು ಮೂಲವಾಯಿತು. ಅದೇ ತರ್ಕವನ್ನು ಮುಂದೆ ಜಂತುಹುಳುಗಳಿಗೂ ವಿಸ್ತರಿಸಿ, ಹುಳುಗಳಿಲ್ಲದ ಕರುಳು ತನ್ನ ಮೇಲೆಯೇ ತಿರುಗಿಬೀಳುತ್ತಿದೆಯೇ ಎಂದು ಕೇಳಲಾಯಿತು. ಈ ಪ್ರಶ್ನೆಗೆ ಭಾರತದಿಂದಲೂ ಒಂದು ಉತ್ತರ ಬಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡವು ಕ್ರೋನ್ಸ್ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆಂದೋ ಕೊಕ್ಕೆಹುಳುವಿನ ಸಂಪರ್ಕಕ್ಕೆ ಬಂದ ಗುರುತುಗಳು ರೋಗಿಗಳಲ್ಲಿ ಕಡಿಮೆಯಾಗಿಯೂ ಆರೋಗ್ಯವಂತರಲ್ಲಿ ಹೆಚ್ಚಾಗಿಯೂ ಕಂಡವು. 2016ರಲ್ಲಿ ಅಮೆರಿಕದ ಸಂಶೋಧಕರು ಇದರ ಹಿಂದಿನ ಒಂದು ದಾರಿಯನ್ನು ಇಲಿಗಳಲ್ಲಿ ತೋರಿಸಿದರು. ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ವಂಶವಾಹಿ ದೋಷವಿರುವ ಇಲಿಗಳಿಗೆ ಹುಳು ಸೇರಿಸಿದಾಗ ಕರುಳಿನ ಲೋಳೆ ಹೆಚ್ಚಿ, ಉರಿಯೂತವನ್ನು ಪ್ರಚೋದಿಸುವ ಒಂದು ಬ್ಯಾಕ್ಟೀರಿಯಾ ಕುಗ್ಗಿ, ಬೇರೊಂದು ಗುಂಪು ಅದರ ಜಾಗ ಹಿಡಿಯಿತು.

ಹಾಗಾದರೆ ಹುಳುವೇ ಔಷಧವಾಗಬಹುದೇ? 2005ರಲ್ಲಿ ಅಮೆರಿಕದಲ್ಲಿ 54 ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಮೇಲೆ ನಡೆದ ಪ್ರಯೋಗ ಈ ಆಸೆಯನ್ನು ಹುಟ್ಟಿಸಿತು. ಅದಕ್ಕೆ ಬಳಸಿದ್ದು ಮನುಷ್ಯರಲ್ಲಿ ಹೆಚ್ಚು ಕಾಲ ನೆಲೆಸಲಾರದ ಹಂದಿಯ ಚಾಟಿಹುಳುವನ್ನು. ಅದರ 2500 ಮೊಟ್ಟೆಗಳನ್ನು ಎರಡು ವಾರಗಳಿಗೊಮ್ಮೆ ಕುಡಿದವರಲ್ಲಿ ಶೇ 43ರಷ್ಟು ಮಂದಿ ಸುಧಾರಿಸಿದರೆ, ಹುಸಿ ಔಷಧ ಪಡೆದವರಲ್ಲಿ ಸುಧಾರಿಸಿದವರು ಶೇ 17 ಮಾತ್ರ. ಆದರೆ ಕ್ರೋನ್ಸ್ ಕಾಯಿಲೆಯ ಸುಮಾರು 250 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂದಾಗ, ಮೊಟ್ಟೆ ಕುಡಿದವರಿಗೂ ಹುಸಿ ಔಷಧ ಕುಡಿದವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಹುಳುಗಳಿಂದ ಪಾಠ ಕಲಿಯಬಹುದು, ಅವು ಸ್ರವಿಸುವ ಅಣುಗಳಿಂದ ಮುಂದೊಂದು ದಿನ ಔಷಧ ಬರಬಹುದು. ಹುಳುವನ್ನೇ ನುಂಗುವ ಚಿಕಿತ್ಸೆಗೆ ಇಂದು ಆಧಾರವಿಲ್ಲ.

ಕ್ಯಾನ್ಸರಿನ ವಿಷಯಕ್ಕೆ ಬಂದಾಗ ಹುಳುಗಳ ಇನ್ನೊಂದು ಮುಖ ಕಾಣುತ್ತದೆ. ರೋಗನಿರೋಧಕ ಶಕ್ತಿಯನ್ನು ಶಾಂತಗೊಳಿಸುವುದು ಉರಿಯೂತಕ್ಕೆ ಒಳ್ಳೆಯದಾಗಿ ಕಂಡರೂ, ಹುಟ್ಟುತ್ತಿರುವ ಗೆಡ್ಡೆಯನ್ನು ಗುರುತಿಸಿ ಕೊಲ್ಲುವ ಕೆಲಸವೂ ಅದೇ ಶಕ್ತಿಯದು. 2017ರಲ್ಲಿ ಜರ್ಮನಿಯ ಸಂಶೋಧಕರು ಕರುಳಿನ ಉರಿಯೂತದಿಂದ ಕ್ಯಾನ್ಸರ್ ಬರುವಂತೆ ಮಾಡಿದ ಇಲಿಗಳಿಗೆ ಕರುಳಿನ ಹುಳುವನ್ನು ಸೇರಿಸಿದಾಗ ಗೆಡ್ಡೆಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೂರು ಪರೋಪಜೀವಿ ಹುಳುಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿರಿಸಿದೆ: ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗುವ ಒಂದು ರಕ್ತಹುಳು, ಮತ್ತು ಆಗ್ನೇಯ ಹಾಗೂ ಪೂರ್ವ ಏಷ್ಯಾದಲ್ಲಿ ಬೇಯಿಸದ ಮೀನಿನಿಂದ ಬಂದು ಪಿತ್ತನಾಳದ ಕ್ಯಾನ್ಸರ್ ತರುವ ಎರಡು ಯಕೃತ್ತಿನ ಹುಳುಗಳು. ದೆಹಲಿಯಲ್ಲಾಗಲಿ ಕರ್ನಾಟಕದಲ್ಲಾಗಲಿ ಮಕ್ಕಳಿಗೆ ಸಾಮಾನ್ಯವಾಗಿ ಬರುವ ಮೂರು ಹುಳುಗಳು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಮಗುವಿನ ಹೊಟ್ಟೆಯಲ್ಲಿ ಜಂತು ಕಂಡಿತೆಂದು ಕ್ಯಾನ್ಸರಿಗೆ ಹೆದರಬೇಕಾಗಿಲ್ಲ. ಜಂತು ಇದ್ದರೆ ಕ್ಯಾನ್ಸರಿನಿಂದ ರಕ್ಷಣೆಯೆಂದು ಭಾವಿಸುವುದಕ್ಕೂ ಕಾರಣವಿಲ್ಲ.

ಹುಳುಗಳು ಮರೆಯಾಗುತ್ತ ಬಂದ ಅದೇ ವರ್ಷಗಳಲ್ಲಿ ಇನ್ನೊಂದು ಬದಲಾವಣೆಯೂ ನಡೆಯಿತು, ಮತ್ತು ಅದರ ಕುರಿತಾದ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ. ಅದು ಊಟದ ಬದಲಾವಣೆ. ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರ ಅವರು 1960 ಮತ್ತು 70ರ ದಶಕಗಳಲ್ಲಿ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನರಲ್ಲಿ ಜೀರ್ಣನಾಳದ ಕ್ಯಾನ್ಸರ್ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ಪರಿಶೀಲಿಸಿದರು. ಪಂಜಾಬಿಗಳಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅತಿ ವಿರಳವಾಗಿದ್ದುದನ್ನು ಕಂಡ ಅವರು, 1977ರ ತಮ್ಮ ಪ್ರಬಂಧದಲ್ಲಿ ಅದಕ್ಕೆ ಕಾರಣವನ್ನು ಆ ಜನರ ಊಟದ ನಾರಿನಲ್ಲಿಯೂ ಹುದುಗಿದ ಹಾಲಿನ ಪದಾರ್ಥಗಳಲ್ಲಿಯೂ ಚೆನ್ನಾಗಿ ಅಗಿದು ತಿನ್ನುವ ರೂಢಿಯಲ್ಲಿಯೂ ಹುಡುಕಿದರು. ಆಫ್ರಿಕಾದಲ್ಲಿ ದುಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಇದೇ ಕಾಲದಲ್ಲಿ, 1971ರಲ್ಲಿ, ನಾರಿನ ಕೊರತೆಗೂ ದೊಡ್ಡಕರುಳಿನ ಕ್ಯಾನ್ಸರಿಗೂ ಇರುವ ನಂಟನ್ನು ಮುಂದಿಟ್ಟಿದ್ದರು. ಇಬ್ಬರ ವಾದವೂ ಆಗ ಊಹೆಯ ಹಂತದಲ್ಲಿತ್ತು. ಅದರ ಹಿಂದಿನ ಜೀವರಾಸಾಯನಿಕ ಕಾರಣ ತಿಳಿದದ್ದು ನಂತರ.

ನಾರು ಎಂದರೆ ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ತಲುಪುವ ಸಸ್ಯಭಾಗ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಅದು ಉರಿಯೂತವನ್ನು ಹತೋಟಿಯಲ್ಲಿಡುವ ನಿರೋಧಕ ಕೋಶಗಳನ್ನು ಹೆಚ್ಚಿಸುತ್ತದೆ, ಹದಗೆಟ್ಟ ಕೋಶಗಳು ಸಾಯುವಂತೆಯೂ ಮಾಡುತ್ತದೆ. ಅಂದರೆ ಹುಳುಗಳು ತಮ್ಮ ಉಳಿವಿಗಾಗಿ ಮಾಡುವ ಶಾಂತಗೊಳಿಸುವ ಕೆಲಸದ ಒಂದು ಪಾಲನ್ನು, ರಕ್ತ ಹೀರದೆ, ನಾರೂ ಮಾಡಬಲ್ಲದು. ನಾರು ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು ಲಕ್ಸೆಂಬರ್ಗಿನಲ್ಲಿರುವ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2016ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು: ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ರಕ್ಷಾಕವಚವಾದ ಲೋಳೆಪದರವನ್ನೇ ತಿನ್ನತೊಡಗುತ್ತವೆ, ತೆಳುವಾದ ಆ ಪದರವನ್ನು ದಾಟಿ ರೋಗಾಣುಗಳು ಗೋಡೆಯನ್ನು ಮುಟ್ಟುತ್ತವೆ.

ಮನುಷ್ಯರಲ್ಲಿ ನಡೆದ ಪ್ರಯೋಗಗಳೂ ಇದನ್ನು ಬೆಂಬಲಿಸುತ್ತವೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 20 ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ನಾರುಭರಿತ ಊಟವನ್ನೂ, ಅಲ್ಲಿನ 20 ಹಳ್ಳಿಗರಿಗೆ ಅಮೆರಿಕದ ಕೊಬ್ಬಿನ ಊಟವನ್ನೂ ಎರಡು ವಾರ ಕೊಡಲಾಯಿತು. ಅಷ್ಟೇ ಅವಧಿಯಲ್ಲಿ ಮೊದಲ ಗುಂಪಿನ ಕರುಳಿನ ಉರಿಯೂತ ಇಳಿದು ಬ್ಯುಟಿರೇಟ್ ಏರಿತು, ಎರಡನೆಯ ಗುಂಪಿನಲ್ಲಿ ಇದರ ವಿರುದ್ಧವಾಯಿತು. 2011ರ ಇನ್ನೊಂದು ಸಮಗ್ರ ವಿಶ್ಲೇಷಣೆಯಲ್ಲಿ ದಿನದ ಊಟದಲ್ಲಿ ಪ್ರತಿ 10 ಗ್ರಾಂ ನಾರು ಹೆಚ್ಚಿದಂತೆ ದೊಡ್ಡಕರುಳು ಮತ್ತು ಮಲಾಶಯದ ಕ್ಯಾನ್ಸರಿನ ಅಪಾಯ ಶೇ 10ರಷ್ಟು ಕಡಿಮೆಯಿರುವುದು ಕಂಡಿತು. ಇದಕ್ಕೆ ಎದುರಾಗಿ, ಹೊಗೆಯುಣಿಸಿ ಅಥವಾ ಉಪ್ಪುಹಾಕಿ ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿತು. ಮದ್ಯವೂ ಕ್ಯಾನ್ಸರ್ ತರುವುದು ಖಚಿತವಾಗಿರುವ, ಆ ಸಂಸ್ಥೆಯ ಮೊದಲ ಗುಂಪಿನಲ್ಲೇ ಇದೆ.

ಮಾಂಸ ಮುಟ್ಟದ ಮನೆಗಳಿಗೂ ತಲುಪಿರುವುದು ಅತಿಸಂಸ್ಕರಿತ ಆಹಾರ, ಅಂದರೆ ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವ ಚಿಪ್ಸ್, ಬಿಸ್ಕತ್ತು, ಇನ್‌ಸ್ಟಂಟ್ ನೂಡಲ್ಸ್, ತಂಪು ಪಾನೀಯಗಳಂತಹವು. 21 ದೇಶಗಳ 1,16,087 ಜನರನ್ನು ಹಲವು ವರ್ಷ ಗಮನಿಸಿದ ಪ್ಯೂರ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತ್ತು. 2021ರಲ್ಲಿ ಬಂದ ಅದರ ಫಲಿತಾಂಶದಂತೆ, ಇಂತಹ ಪದಾರ್ಥಗಳನ್ನು ದಿನಕ್ಕೆ ಐದು ಬಾರಿ ಅಥವಾ ಹೆಚ್ಚು ತಿನ್ನುವವರಲ್ಲಿ ಕರುಳಿನ ಉರಿಯೂತದ ಕಾಯಿಲೆಯ ಅಪಾಯ, ದಿನಕ್ಕೆ ಒಂದು ಬಾರಿಯೂ ತಿನ್ನದವರಿಗಿಂತ ಶೇ 82ರಷ್ಟು ಹೆಚ್ಚಿತ್ತು. ಎಣ್ಣೆ ಮತ್ತು ನೀರು ಬೇರ್ಪಡದಂತೆ ಇಂತಹ ಆಹಾರಕ್ಕೆ ಬೆರೆಸುವ ಕೆಲವು ರಾಸಾಯನಿಕಗಳು ಇಲಿಗಳಲ್ಲಿ ಲೋಳೆಪದರವನ್ನು ಕೆಡಿಸಿ ಉರಿಯೂತವನ್ನು ಹುಟ್ಟಿಸುವುದನ್ನು 2015ರ ಪ್ರಯೋಗವೂ, ಉರಿಯೂತಜನ್ಯ ಗೆಡ್ಡೆಗಳನ್ನು ಹೆಚ್ಚಿಸುವುದನ್ನು 2016ರ ಪ್ರಯೋಗವೂ ತೋರಿಸಿವೆ.

ಊಟ ಮತ್ತು ಹುಳು ಒಂದೇ ಕರುಳಿನಲ್ಲಿ ಸೇರಿದಾಗ ಏನಾಗುತ್ತದೆ ಎಂಬುದು ಹೊಸ ಪ್ರಶ್ನೆ. ಡೆನ್ಮಾರ್ಕಿನ ತಂಡವೊಂದು 2020ರಲ್ಲಿ ಚಾಟಿಹುಳುವಿರುವ ಇಲಿಗಳಿಗೆ ಇನ್ಯುಲಿನ್ ಎಂಬ ಶುದ್ಧೀಕರಿಸಿದ ನಾರನ್ನು ತಿನ್ನಿಸಿದಾಗ ಹುಳುಗಳು ಹೊರಹೋಗುವ ಬದಲು ಉಳಿದುಕೊಂಡವು, ಉರಿಯೂತವೂ ಹೆಚ್ಚಿತು. ಇಲಿಗಳ ಈ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಅದರಿಂದ ತಿಳಿಯುವ ಸಂಗತಿ ಮುಖ್ಯವಾದದ್ದು: ಒಳ್ಳೆಯ ಆಹಾರದ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಕರುಳು ಹುಳುಮುಕ್ತವಾಗಿರಬೇಕು, ಮತ್ತು ಡಬ್ಬಿಯಿಂದ ಬೆರೆಸಿಕೊಳ್ಳುವ ಒಂದೇ ಬಗೆಯ ನಾರು ಕಾಳು, ಸೊಪ್ಪು, ಧಾನ್ಯಗಳ ಬಹುಬಗೆಯ ನಾರಿಗೆ ಸಮನಲ್ಲ.

ದೆಹಲಿಯಂತಹ ನಗರದಲ್ಲಿ ಹುಳು ತೊಲಗಿಸುವ ಮತ್ತು ಊಟ ಸರಿಪಡಿಸುವ ಈ ಎರಡು ಕೆಲಸಗಳೂ ಒಟ್ಟಿಗೆ ಆಗಬೇಕಾಗಿವೆ. ಕೊಳಚೆ ನೀರು ಸರಿಯಾಗಿ ಶುದ್ಧವಾಗದೆ ಹೊಲಕ್ಕೆ ಹರಿದರೆ ಹುಳುವಿನ ಮೊಟ್ಟೆಗಳು ಮೂಲಂಗಿ, ಪಾಲಕ್, ಕೊತ್ತಂಬರಿಯೊಡನೆ ಅಡುಗೆಮನೆಗೆ ಮರಳುತ್ತವೆ. ರಿಠಾಲಾದಂತಹ ಘಟಕಗಳು ಯಮುನೆಗೆ ಎಷ್ಟು ಮುಖ್ಯವೋ ಕರುಳಿಗೂ ಅಷ್ಟೇ ಮುಖ್ಯ. ದೆಹಲಿಯ ಶಾಲೆಗಳಲ್ಲಿ 2012ರಲ್ಲೇ ಸಾಮೂಹಿಕ ಜಂತುನಾಶಕ ಕಾರ್ಯಕ್ರಮ ನಡೆದಿತ್ತು. 2015ರಿಂದ ಫೆಬ್ರುವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವಾಗಿದೆ, ನಂತರ ಆಗಸ್ಟ್ 10 ಕೂಡ ಸೇರಿತು. ಅಂದು ಎರಡು ವರ್ಷ ದಾಟಿದವರಿಂದ 19 ವರ್ಷದವರೆಗಿನವರಿಗೆ 400 ಮಿಲಿಗ್ರಾಂನ ಒಂದು ಅಲ್ಬೆಂಡಜೋಲ್ ಮಾತ್ರೆ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ ಕೊಡಲಾಗುತ್ತದೆ. ದುಂಡುಹುಳುವಿಗೆ ಚೆನ್ನಾಗಿ ಕೆಲಸ ಮಾಡುವ ಈ ಒಂದೇ ಮಾತ್ರೆ ಚಾಟಿಹುಳುವನ್ನು ಅಷ್ಟು ಸುಲಭವಾಗಿ ತೊಲಗಿಸಲಾರದು. ಆದ್ದರಿಂದ ಶೌಚಾಲಯ, ಸಾಬೂನು, ಹರಿವ ನೀರಿನಲ್ಲಿ ತೊಳೆದ ತರಕಾರಿಗಳಿಲ್ಲದೆ ಮಾತ್ರೆಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ.

ಊಟದ ಕಡೆಗೆ ನೋಡಿದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕಗಳು ದಾರಿ ತೋರಿಸುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಗೋಧಿ ಹಿಟ್ಟಿನಲ್ಲಿಯೂ ಅಷ್ಟೇ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ ಮೂರು ಗ್ರಾಂಗಿಂತ ಕಡಿಮೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿದೆ. ದೆಹಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬವು ರಾಗಿಮುದ್ದೆ, ಹುರುಳಿ ಸಾರು, ಮೊಳಕೆ ಕಾಳಿನ ಉಸಲಿ, ಸೊಪ್ಪಿನ ಪಲ್ಯ, ಮಜ್ಜಿಗೆಗಳನ್ನು ಬಿಡದೆ ಉಳಿಸಿಕೊಂಡರೆ, ನೆರೆಯ ಪಂಜಾಬಿ ಕುಟುಂಬವು ಜರಡಿ ಹಿಡಿಯದ ಹಿಟ್ಟಿನ ರೊಟ್ಟಿ, ರಾಜ್ಮಾ, ಸಾಸಿವೆ ಸೊಪ್ಪು, ಲಸ್ಸಿಗಳನ್ನು ಉಳಿಸಿಕೊಂಡರೆ, ಎರಡೂ ಮನೆಗಳವರಿಗೆ ಆ ಪ್ರಮಾಣ ತಲುಪುವುದು ಕಷ್ಟವಲ್ಲ. ಈಗಾಗಲೇ ಉರಿಯೂತದ ಕಾಯಿಲೆಯಿರುವವರು, ವಿಶೇಷವಾಗಿ ಕರುಳು ಕಿರಿದಾಗಿರುವವರು, ನಾರನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ರೋಗ ಗುರುತಿಸುವಲ್ಲಿಯೂ ಈ ಎರಡು ಕಾಲಘಟ್ಟಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆಮಶಂಕೆ ತರುವ ಅಮೀಬಾದಿಂದಲೂ ಅಲ್ಸರೇಟಿವ್ ಕೊಲೈಟಿಸಿನಿಂದಲೂ ಮಲದಲ್ಲಿ ರಕ್ತ ಹೋಗುತ್ತದೆ. ಕೆಲವೊಮ್ಮೆ ಅಮೀಬಾದ ಸೋಂಕು ಗೆಡ್ಡೆಯಂತೆ ಬೆಳೆದು ಕ್ಯಾನ್ಸರಿನ ಭ್ರಮೆ ಹುಟ್ಟಿಸುತ್ತದೆ. ಕರುಳಿನ ಕ್ಷಯವಂತೂ ಕ್ರೋನ್ಸ್ ಕಾಯಿಲೆಯನ್ನೇ ಹೋಲುತ್ತದೆ. ಅಮೀಬಾ ಇರುವವರಿಗೆ ಕೊಲೈಟಿಸ್ ಎಂದು ಭಾವಿಸಿ ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತಾಗಬಹುದು. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿರುವವರಿಗೆ ಕೊಟ್ಟರೆ ಹುಳು ದೇಹವೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಹುದು. ಈ ಕಾರಣದಿಂದಲೇ ಭಾರತದಲ್ಲಿ ಉರಿಯೂತಕ್ಕೆ ಮದ್ದು ಕೊಡುವ ಮೊದಲು ಮಲಪರೀಕ್ಷೆ ಮತ್ತು ಅಂಗಾಂಶ ಪರೀಕ್ಷೆ ಆಗಲೇಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಗುಣವಾಗದ ರಕ್ತಹೀನತೆ, ವಾರಗಟ್ಟಲೆ ಬದಲಾದ ಮಲವಿಸರ್ಜನೆ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಂಡು ಮುಲಾಮಿನಲ್ಲಿ ತಿಂಗಳು ಕಳೆಯುವುದು ಅಪಾಯಕರ, ಏಕೆಂದರೆ ಭಾರತದಲ್ಲಿ ಮಲಾಶಯದ ಕ್ಯಾನ್ಸರ್ 50 ದಾಟದವರಲ್ಲೂ ಕಡಿಮೆಯೇನಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಶುರುವಾಗಿ ಎಂಟು ವರ್ಷ ಕಳೆದವರು ಆರೋಗ್ಯವಾಗಿದ್ದರೂ ಕೊಲೊನೋಸ್ಕೋಪಿಯ ಮೂಲಕ ನಿಯತವಾಗಿ ಪರೀಕ್ಷಿಸಿಕೊಳ್ಳಬೇಕು.

ಜಂತುಹುಳುಗಳು ಹೋದದ್ದರಿಂದಲೇ ಕರುಳಿನ ಕಾಯಿಲೆಗಳು ಬಂದವು ಎಂಬ ಮಾತು ಕೇಳಲು ಆಕರ್ಷಕವಾಗಿದ್ದರೂ, ಇರುವ ಸಾಕ್ಷ್ಯವು ಅದರ ಭಾರವನ್ನು ಹೊರಲಾರದು. ಹುಳು ಕಸಿದುಕೊಳ್ಳುವ ರಕ್ತ, ಬುದ್ಧಿಶಕ್ತಿ, ಬೆಳವಣಿಗೆಗಳ ನಷ್ಟವನ್ನು ಬಡವರ ಮಕ್ಕಳೇ ಹೊರುತ್ತಾರೆ, ಆದ್ದರಿಂದ ಅದನ್ನು ತೊಲಗಿಸುವುದರಲ್ಲಿ ಹಿಂಜರಿಕೆ ಸಲ್ಲದು. ಹುಳುವಿನ ಜೊತೆಗೆ ಊಟದ ತಟ್ಟೆಯಿಂದ ನಾರೂ ಹೊರಟುಹೋಗಬೇಕೆಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ. ಶಾಲೆಯಲ್ಲಿ ವರ್ಷಕ್ಕೆರಡು ಬಾರಿ ಮಾತ್ರೆ ಕೊಡುವ ವ್ಯವಸ್ಥೆಯೇ ಅದೇ ಶಾಲೆಯ ಮಧ್ಯಾಹ್ನದ ಊಟದಲ್ಲಿ ಇಡೀ ಧಾನ್ಯ, ಕಾಳು, ಸೊಪ್ಪು ಇರುವಂತೆಯೂ, ಶಾಲೆಯ ಬಾಗಿಲಲ್ಲಿ ಪೊಟ್ಟಣದ ತಿನಿಸು ಮಾರದಂತೆಯೂ ನೋಡಿಕೊಂಡರೆ, ಇಂದಿನ ಮಕ್ಕಳು ಹುಳುವಿನ ಕಾಲವನ್ನು ದಾಟಿದ ಮೇಲೆ ಉರಿಯೂತದ ಕಾಲಕ್ಕೆ ಬಲಿಯಾಗದೆ ಉಳಿಯುವ ಅವಕಾಶ ಹೆಚ್ಚುತ್ತದೆ. ರೋಹಿಣಿಗೂ ಇದು ಅನ್ವಯಿಸುತ್ತದೆ, ರಾಯಚೂರಿಗೂ ಅನ್ವಯಿಸುತ್ತದೆ.